ಅಕ್ಕಾ, ಬೆಂಗಳೂರಿಗೆ ಹೋಗಲಾ ಬೇಡ್ವಾ?

ಈ ತಿಂಗಳು ಬಂದ ಪತ್ರಗಳನ್ನು ಹರಡಿಕೊಂಡು ಕೂತರೆ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬಿಡಲಾ, ಬೇಡ್ವಾ? ಕೇಳಿದವರೆಲ್ಲ ಇಪ್ಪತ್ತರಿಂದ ಮೂವತ್ತರ ಒಳಗಿನವರು, ಒಬ್ಬ ತಂದೆಯನ್ನು ಬಿಟ್ಟು. ಎಲ್ಲರಿಗೂ ಬರೆಯಲು ಜಾಗ ಇಲ್ಲ, ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದೇ ಅರ್ಧ ಪುಟ ತಿಂದುಬಿಟ್ಟಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 24 ವರ್ಷ. ದಾವಣಗೆರೆಯಲ್ಲೇ ಬಿ.ಕಾಂ. ಮುಗಿಸಿ ಪಿ.ಜೆ. ಬಡಾವಣೆಯ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಸಂಬಳ 14 ಸಾವಿರ. ಈಗ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ವರ್ಷಕ್ಕೆ 3.6 ಲಕ್ಷ ಸಿಟಿಸಿ ಅಂದಿದ್ದಾರೆ. ಹದಿನೈದು ದಿನದಲ್ಲಿ ಹೇಳಬೇಕು. ಅಪ್ಪಾಜಿ ಹೋಗು ಅಂತಾರೆ. ಅಮ್ಮ ಬೇಡ ಅನ್ನಲ್ಲ, ಆದರೆ ದಾಸರಹಳ್ಳಿಯ ಚಿಕ್ಕಪ್ಪನ ಮನೆಯಲ್ಲಿ ಇರೋದಾದರೆ ಮಾತ್ರ ಅಂತ ಷರತ್ತು. ನನಗೆ ಹಗಲು ಹೋಗಬೇಕು ಅನ್ನಿಸುತ್ತೆ, ರಾತ್ರಿ ಮಲಗಿದಾಗ ಬೇಡ ಅನ್ನಿಸುತ್ತೆ. ಏನು ಮಾಡಲಿ?
— ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ತಂಗಿ, ಹಗಲು ಒಂದು ರಾತ್ರಿ ಒಂದು ಅನ್ನಿಸೋದಕ್ಕೆ ಗಾಬರಿ ಬೇಡ. ನನಗೂ ಹಾಗೇ ಆಗಿತ್ತು. ಮೊದಲು ದುಡ್ಡಿನ ಲೆಕ್ಕ ಮಾಡೋಣ. ಊರಿನವರ ಲೆಕ್ಕವನ್ನೆಲ್ಲ ಬರೆಯುವ ಹುಡುಗಿ ತನ್ನ ಲೆಕ್ಕ ಹಾಕದೆ ಪತ್ರ ಬರೆದಿದ್ದೀಯಲ್ಲ ಅಂತ ನಗು ಬಂತು.

3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ. ಕೈಗೆ ಬರೋದು 30 ಅಲ್ಲ. ಸಿಟಿಸಿ ಅಂದರೆ ನಿನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಸೇರಿರುತ್ತೆ, ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನೂ ಸೇರಿಸಿರುತ್ತಾರೆ. ಮೂಲ ವೇತನ 15 ಸಾವಿರ ಅಂತ ಹಿಡಿ. ಶೇ 12ರಂತೆ ಕಂಪನಿಯ ಪಾಲು 1,800, ನಿನ್ನ ಪಾಲು 1,800. ಗ್ರಾಚ್ಯುಟಿ ಏಳುನೂರು ಚಿಲ್ಲರೆ. ವೃತ್ತಿ ತೆರಿಗೆ 200. ಎಲ್ಲ ಕಳೆದರೆ 25 ಸಾವಿರದ ಆಸುಪಾಸು. ಇದರಲ್ಲೇ 'ವೇರಿಯಬಲ್ ಪೇ' ಅಂತ, ಅಂದರೆ ಕೆಲಸ ನೋಡಿ ಆಮೇಲೆ ಕೊಡುವ ಪಾಲು ಅಂತ ಒಂದು ಸಾಲು ಇದ್ದರೆ ಇನ್ನೂ ಇಳಿಯುತ್ತೆ. ಆಫರ್ ಲೆಟರ್ ತೆಗೆದು ಆ ಸಾಲು ಇದೆಯಾ ಅಂತ ಈಗಲೇ ನೋಡು.

ಇನ್ನು ಖರ್ಚು. ಇಬ್ಬರೋ ಮೂವರೋ ಹಂಚಿಕೊಳ್ಳುವ ಪಿಜಿ, ಊಟ ಸೇರಿ 10 ಸಾವಿರ ಹಿಡಿ. ಓಡಾಟಕ್ಕೆ ಒಂದೂವರೆ ಸಾವಿರ. ಪಿಜಿ ಊಟ ಗಂಟಲಿಗೆ ಇಳಿಯದ ದಿನ ಹೊರಗೆ ತಿನ್ನೋದು, ಮೊಬೈಲು, ಮಾತ್ರೆ, ಯಾರದೋ ಮದುವೆಗೆ ಉಡುಗೊರೆ, ಹೀಗೆ ಕಣ್ಣಿಗೆ ಕಾಣದೆ ಹೋಗೋದು 4 ಸಾವಿರ. ಮನೆಗೆ ಅಂತ 3 ಕಳಿಸಿದರೆ ಉಳಿಯೋದು ಆರೂವರೆ ಸಾವಿರ. ಈಗ ದಾವಣಗೆರೆಯ ಲೆಕ್ಕ. 14 ಸಾವಿರದಲ್ಲಿ ಸ್ಕೂಟಿ ಪೆಟ್ರೋಲಿಗೆ ಒಂದೂವರೆ, ಮನೆಗೆ 3, ನಿನ್ನ ಕೈಖರ್ಚಿಗೆ 3. ಉಳಿಯೋದು ಎಷ್ಟು? ಅದೇ ಆರೂವರೆ! ನನ್ನ ಅಂಕಿಗಳು ಅಂದಾಜಿನವು, ನಿನ್ನದು ಸಾವಿರ ಎರಡು ಸಾವಿರ ಆಚೀಚೆ ಆಗಬಹುದು. ಆದರೂ ನಮ್ಮಮ್ಮನ ತಲೆಮಾರಿನವರು ಅಂದುಕೊಂಡ ಹಾಗೆ ಸಂಬಳ ಡಬಲ್ ಆಯಿತು ಅಂತ ಕುಣಿಯುವ ಹಾಗೇನಿಲ್ಲ.

ಹಾಗಾದರೆ ಬೇಡ ಅಂತೀಯಾ ಅಕ್ಕಾ ಅಂತ ಕೇಳಬೇಡ. ಹೋಗು ಅಂತಲೇ ಹೇಳುತ್ತೇನೆ. ಸಂಬಳಕ್ಕೋಸ್ಕರ ಅಲ್ಲ ಅಷ್ಟೇ. ನಿನ್ನ ಆಫೀಸಿನಲ್ಲಿ ನಿನಗಿಂತ ಏಳೆಂಟು ವರ್ಷ ಹಿರಿಯರು ಒಬ್ಬರಾದರೂ ಇರುತ್ತಾರೆ ಅಲ್ವಾ, ಅವರ ಟೇಬಲ್ ಕಡೆ ಒಂದು ಸಲ ನೋಡು. ಪ್ರತಿ ತಿಂಗಳು 11ನೇ ತಾರೀಖಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಜುಲೈ ಬಂದರೆ ಇನ್‌ಕಮ್ ಟ್ಯಾಕ್ಸ್, ಮತ್ತೆ 11, ಮತ್ತೆ 20. ಅವರ ಜಾಗದಲ್ಲಿ ಮೂವತ್ತೆರಡರ ವಯಸ್ಸಿನಲ್ಲಿ ನೀನು ಕೂತಿರೋದನ್ನು ನೆನೆಸಿಕೊಂಡರೆ ಮನಸ್ಸಿಗೆ ಹಿತ ಅನ್ನಿಸಿದರೆ ಇಲ್ಲೇ ಇರು, ಅದರಲ್ಲಿ ಸಣ್ಣತನ ಏನೂ ಇಲ್ಲ, ಒಳ್ಳೆಯ ಆಡಿಟರ್ ಕೈಕೆಳಗೆ ಪಳಗಿದವರಿಗೆ ಊರಲ್ಲಿ ಯಾವತ್ತೂ ಬೆಲೆ ಇದೆ. ಎದೆ ಭಾರ ಅನ್ನಿಸಿದರೆ ಹೊರಡು.

ಹೊರಡುವ ಮುಂಚೆ ಕಂಪನಿಯವರನ್ನು ಒಂದು ಮಾತು ಕೇಳಲೇಬೇಕು. ದಿನಾ ನಾನು ಮಾಡುವ ಕೆಲಸ ಏನು? ಇಲ್ಲಿ ನೀನು ಅಡಿಕೆ ವ್ಯಾಪಾರಿಯ ಲೆಕ್ಕ, ರೈಸ್ ಮಿಲ್ಲಿನ ಲೆಕ್ಕ, ಬಟ್ಟೆ ಅಂಗಡಿಯ ಲೆಕ್ಕ ಎಲ್ಲವನ್ನೂ ಮೊದಲಿಂದ ಕೊನೆಯ ತನಕ ನೋಡುತ್ತೀಯ. ದೊಡ್ಡ ಕಂಪನಿಗಳಲ್ಲಿ ಕೆಲಸವನ್ನು ಹೋಳು ಹೋಳು ಮಾಡಿ ಹಂಚಿರುತ್ತಾರೆ. ಒಬ್ಬರು ಬೆಳಗ್ಗಿಂದ ಸಂಜೆ ತನಕ ಖರೀದಿ ಬಿಲ್ ಎಂಟ್ರಿ ಮಾಡೋದು, ಇನ್ನೊಬ್ಬರು ಅದನ್ನು ಬರೀ ತಾಳೆ ನೋಡೋದು. ಒಂದು ವರ್ಷ ಅದನ್ನೇ ಮಾಡಿದರೆ ಬಂದಿದ್ದ ವಿದ್ಯೆಯೂ ತುಕ್ಕು ಹಿಡಿಯುತ್ತೆ. ಆರು ತಿಂಗಳಿಗೋ ವರ್ಷಕ್ಕೋ ಬೇರೆ ಕೆಲಸಕ್ಕೆ ಬದಲಿಸುತ್ತಾರಾ ಅಂತ ಕೇಳು. ಕೇಳಿದರೆ ಕೆಲಸ ತಪ್ಪುತ್ತೆ ಅಂತ ಹೆದರಬೇಡ. ಇಷ್ಟು ಕೇಳಿದ್ದಕ್ಕೇ ಮುಖ ಸಿಂಡರಿಸುವವರ ಹತ್ತಿರ ಕೆಲಸ ಮಾಡೋದೂ ಕಷ್ಟ.

ಈಗ ಚಿಕ್ಕಪ್ಪನ ಮನೆ. ಅಮ್ಮನ ಮಾತಿನಲ್ಲಿ ತಪ್ಪಿಲ್ಲ, ಆದರೆ ಅಮ್ಮ ಮ್ಯಾಪ್ ನೋಡಿಲ್ಲ. ದಾಸರಹಳ್ಳಿ ಇರೋದು ತುಮಕೂರು ರಸ್ತೆಯಲ್ಲಿ. ವೈಟ್‌ಫೀಲ್ಡ್ ಊರಿನ ಆ ತುದಿ. ದಾಸರಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಗಿ, ಇಳಿದ ಮೇಲೆ ಆಫೀಸಿನ ತನಕ ಮತ್ತೆ ಆಟೋನೋ ನಡಿಗೆನೋ, ಎಲ್ಲ ಸೇರಿ ಒಂದೂವರೆ ಗಂಟೆ ಎಲ್ಲೂ ಹೋಗಿಲ್ಲ. ಹೋಗೋದು ಬರೋದು ಸೇರಿ ದಿನಕ್ಕೆ ಮೂರು ಗಂಟೆ. ಅಷ್ಟರಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದುಬಿಡಬಹುದು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಶುರುವಾಗುವ ಮುಂಚೆ ಇದಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು, ಅದೊಂದು ಸಮಾಧಾನ. ಅದೂ ಅಲ್ಲದೆ ಚಿಕ್ಕಮ್ಮ ಎಷ್ಟೇ ಒಳ್ಳೆಯವರಿರಲಿ, ರಾತ್ರಿ ಒಂಬತ್ತಕ್ಕೆ ಬಂದು ತಟ್ಟೆ ಹಾಕಿಕೊಂಡು ಕೂರುವಾಗ ಮೂರನೇ ತಿಂಗಳಿಗೆ ನಿನಗೇ ಒಂಥರಾ ಅನ್ನಿಸುತ್ತೆ. ಅಮ್ಮನಿಗೆ ಹೀಗೆ ಹೇಳು: ಮೊದಲ ಹದಿನೈದು ದಿನ ಚಿಕ್ಕಪ್ಪನ ಮನೆ, ಆ ಹದಿನೈದು ದಿನದಲ್ಲಿ ಚಿಕ್ಕಪ್ಪನನ್ನೇ ಕರೆದುಕೊಂಡು ಹೋಗಿ ಆಫೀಸಿನ ಹತ್ತಿರ ಪಿಜಿ ನೋಡುತ್ತೇನೆ, ತಿಂಗಳಿಗೆ ಒಂದು ಭಾನುವಾರ ಊಟಕ್ಕೆ ಅವರ ಮನೆಗೆ ಹೋಗುತ್ತೇನೆ. ಅಮ್ಮನಿಗೆ ಬೇಕಾಗಿರೋದು ಆ ಊರಲ್ಲಿ ನಿನ್ನ ಮುಖ ನೋಡುವ ಒಬ್ಬ ಮನುಷ್ಯ. ದಾಸರಹಳ್ಳಿಯ ಮಂಚ ಅಲ್ಲ.

ಪಿಜಿ ನೋಡುವಾಗ ಮಧ್ಯಾಹ್ನ ಹೋಗಬೇಡ, ರಾತ್ರಿ ಎಂಟೂವರೆಗೆ ಹೋಗು. ಆಗ ಊಟ ಬಡಿಸುತ್ತಿರುತ್ತಾರೆ, ನೀರು ಬರುತ್ತಾ ಇಲ್ವಾ ಗೊತ್ತಾಗುತ್ತೆ, ಇರುವ ಹುಡುಗಿಯರು ಮಾತಿಗೆ ಸಿಗುತ್ತಾರೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಎಷ್ಟು ಹಿಡಿದುಕೊಳ್ಳುತ್ತಾರೆ, ಇದನ್ನು ವಾಟ್ಸಾಪ್‌ನಲ್ಲಿ ಬರೆಸಿಕೋ. ನಾನು ಬಾಯಿಮಾತು ನಂಬಿ, ಬಿಡುವಾಗ ಇಡೀ ತಿಂಗಳ ದುಡ್ಡು 'ಮೇಂಟೆನೆನ್ಸ್' ಅನ್ನುವ ಹೆಸರಿನಲ್ಲಿ ಕಳೆದುಕೊಂಡವಳು. ನಾನಿದ್ದ ರೂಮಿನಲ್ಲಿ ಮೇಂಟೇನ್ ಮಾಡುವಂಥದ್ದು ಒಂದು ಟ್ಯೂಬ್‌ಲೈಟ್ ಮಾತ್ರ ಇತ್ತು, ಅದೂ ಮಿಣುಕುತ್ತಿತ್ತು.

ನಾನು ಊರು ಬಿಟ್ಟಾಗ ಅಮ್ಮ ಒಂದು ದೊಡ್ಡ ಕವರ್ ತುಂಬ ಮಂಡಕ್ಕಿ ಕಟ್ಟಿಕೊಟ್ಟಿದ್ದರು, ಭಟ್ಟಿಯಿಂದ ಅದೇ ದಿನ ತಂದದ್ದು. ಮಳೆಗಾಲ. ನಾಲ್ಕನೇ ದಿನಕ್ಕೆ ಮೆತ್ತಗಾಗಿ ಹತ್ತಿಯ ಹಾಗಾಯಿತು. ಎಸೆಯೋಕೆ ಮನಸ್ಸು ಬರಲಿಲ್ಲ. ಭಾನುವಾರ ಸ್ವಲ್ಪ ಬಿಸಿಲು ಬಿದ್ದಾಗ ಪಿಜಿಯ ತಾರಸಿಗೆ ಹೋಗಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಪೇಪರ್ ಹಾಸಿ ಹರಡಿದೆ. ಮೇಲಿಂದ ಯಾರದೋ ಚೂಡಿದಾರದ ನೀರು ತೊಟ್ಟಿಕ್ಕುತ್ತಿತ್ತು, ಪೇಪರನ್ನು ಆ ಕಡೆ ಈ ಕಡೆ ಎಳೆಯುತ್ತಾ ಕಾವಲು ಕೂತೆ. ಬಟ್ಟೆ ತೆಗೆಯೋಕೆ ಬಂದ ಹುಡುಗಿ ಒಂದು ನಿಮಿಷ ನಿಂತು ನೋಡಿ, "ದಾವಣಗೆರೆಯವಳಾ?" ಅಂದಳು. ಹರಿಹರದವಳು. ಕೆಳಗೆ ಹೋಗಿ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿಕೊಂಡು ಬಂದಳು. ಅಲ್ಲಿಯ ತನಕ ನಾನು ವಾರದಲ್ಲಿ ಎರಡು ಸಲ ಬ್ಯಾಗ್ ಪ್ಯಾಕ್ ಮಾಡಿ ಬಿಚ್ಚಿದ್ದೆ.

ಊರಿಗೆ ಬರುವ ಚಿಂತೆ ಮೊದಲಿನಷ್ಟಿಲ್ಲ. ಸುಮಾರು 260 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಧಾರ್ ತೋರಿಸಿದರೆ ಕೆಂಪು ಬಸ್ಸಿಗೆ ನಿನಗೆ ದುಡ್ಡಿಲ್ಲ, ರಾಜಹಂಸ, ಎಸಿ ಬಸ್ಸಿಗೆ ಮಾತ್ರ ಕೊಡಬೇಕು. ಭಾನುವಾರ ರಾತ್ರಿ ವಾಪಸ್ ಹೋಗುವಾಗ ಹುಬ್ಬಳ್ಳಿ ಕಡೆಯಿಂದ ಬರುವ ಬಸ್ಸಿಗೆ ಕಾಯಬೇಡ, ತುಂಬಿಕೊಂಡೇ ಬಂದಿರುತ್ತೆ. ದಾವಣಗೆರೆ ಡಿಪೋದಿಂದಲೇ ಹೊರಡುವುದನ್ನು ಹಿಡಿ. ಬೆಳಗ್ಗೆ ಮೆಜೆಸ್ಟಿಕ್ ತನಕ ಟ್ರಾಫಿಕ್ಕಿನಲ್ಲಿ ಕೂರುವ ಬದಲು ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹತ್ತು.

ಕೊನೆಯ ಮಾತು, ಇಲ್ಲಿಯ ಕೆಲಸ ಬಿಡುವಾಗ ಈ ತಿಂಗಳ 20ನೇ ತಾರೀಖು ದಾಟಿಸಿಕೊಟ್ಟು ಬಿಡು. ಆಡಿಟರ್ ಸಾರ್‌ಗೆ ಎದುರು ನಿಂತು ಹೇಳು, ಮೆಸೇಜ್ ಹಾಕಿ ಮಾಯವಾಗಬೇಡ. ಬಾಗಿಲು ತೆರೆದೇ ಇರಲಿ. ಆಮೇಲೆ ದಿನಾ ರಾತ್ರಿ ಇರಲಾ ಹೋಗಲಾ ಅಂತ ತಲೆ ಕೆಡಿಸಿಕೊಳ್ಳೋದು ಬೇಡ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ. ಮುಂದಿನ ಜಾತ್ರೆಗೆ ಬಂದಾಗ ಅಪ್ಪಾಜಿ ಅಮ್ಮನ ಜೊತೆ ಕೂತು ಯೋಚಿಸು. ಅಲ್ಲಿಯ ತನಕ ಆ ಪ್ರಶ್ನೆಗೆ ರಜೆ.

ಪ್ರಶ್ನೆ: ಅಕ್ಕ, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೇನೆ, 21 ವರ್ಷ. ಮೂವರು ಗೆಳೆಯರು ಸೇರಿ ಬೆಂಗಳೂರಿಗೆ ಹೋಗಿ ರೂಮ್ ಮಾಡಿ ಅಲ್ಲೇ ಕೆಲಸ ಹುಡುಕೋಣ ಅಂತಿದ್ದೇವೆ. ಒಬ್ಬ ಏಜೆಂಟ್ 20 ಸಾವಿರ ಕಟ್ಟಿದರೆ ಪಕ್ಕಾ ಕೆಲಸ ಅಂತಾನೆ. ಕಟ್ಟಬಹುದಾ?
— ಚಳ್ಳಕೆರೆಯ ಓದುಗ

ಉತ್ತರ: ಕಟ್ಟಬೇಡ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ ತಮ್ಮಾ, ಕೇಳಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಯಾರ ಕೈಗೂ ಕೊಟ್ಟು ಬರಬೇಡ, ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೋ.

ಆ 20 ಸಾವಿರ ಇದೆ ಅಂದರೆ ಅದು ನಿನ್ನ ಎರಡು ತಿಂಗಳ ಊಟ, ಬಾಡಿಗೆ. ಮೂರು ತಿಂಗಳಿಗೆ ಆಗುವಷ್ಟು ಮಾಡಿಕೊಂಡು ಹೊರಡು. ಅದಕ್ಕಿಂತ ಒಳ್ಳೆಯ ದಾರಿ ಅಪ್ರೆಂಟಿಸ್ ಆಗಿ ಸೇರೋದು. ಡಿಪ್ಲೊಮಾದವರಿಗೆ ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸುತ್ತಾರೆ, ಅಪ್ರೆಂಟಿಸ್ ಕಾನೂನು 1961ರಿಂದಲೇ ಇದೆ, ಸರ್ಕಾರದ ಪೋರ್ಟಲ್‌ನಲ್ಲಿ ಊರಲ್ಲೇ ಕೂತು ಹೆಸರು ನೋಂದಾಯಿಸಬಹುದು. ಸ್ಟೈಪೆಂಡ್ ಕಮ್ಮಿನೇ, ನಿಜ. ಆದರೆ ಒಂದು ವರ್ಷ ಬೆಂಗಳೂರಿನಲ್ಲಿ ಬದುಕೋಕೆ ಆಗುತ್ತಾ ಅಂತ ನೋಡೋಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಬೆಂಗಳೂರೇ ಯಾಕೆ ಅಂತಲೂ ಒಂದು ಸಲ ಕೇಳಿಕೋ. ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಇದೆ, ಬೆಂಗಳೂರಿಗೆ ಹೋಗುವ ದಾರಿಯಲ್ಲೇ. ಬಾಡಿಗೆ ಕಮ್ಮಿ, ಚಳ್ಳಕೆರೆಯೂ ಹತ್ತಿರ.

ರೂಮ್ ಮಾಡಿದರೆ ಕರಾರು ಪತ್ರ 11 ತಿಂಗಳಿಗೆ ಇರುತ್ತೆ, ಯಾಕಂದರೆ ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತೆ. ಅದರಲ್ಲಿ ಮೂವರ ಹೆಸರೂ ಇರಲಿ. ಡಿಪಾಸಿಟ್‌ಗೆ ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟುಕೊಳ್ಳಿ. ಒಬ್ಬ ನಡುವೆ ಬಿಟ್ಟು ಹೋದಾಗ ಸ್ನೇಹ ಹಾಳಾಗೋದು ಅಲ್ಲೇ.

ಪ್ರಶ್ನೆ: ಮೇಡಂ, ನನ್ನ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗುತ್ತೇನೆ ಅಂತಾಳೆ. ಹೆಣ್ಣು ಹುಡುಗಿ ಒಬ್ಬಳೇ ಅಷ್ಟು ದೂರ ಯಾಕೆ, ಮದುವೆ ಮಾಡಿ ಅಂತ ನೆಂಟರು. ನಾನು ರೈತ, ನನಗೆ ಆ ಊರು ಗೊತ್ತಿಲ್ಲ. ಕಳಿಸಬೇಕಾ?
— ಒಬ್ಬ ತಂದೆ, ಜಗಳೂರು ತಾಲೂಕು

ಉತ್ತರ: ಕಳಿಸಿ ಸಾರ್. ನರ್ಸಿಂಗ್ ಓದಿಸುವಾಗ ನೆಂಟರು ಫೀಸ್ ಕಟ್ಟಿರಲಿಲ್ಲ ಅಲ್ವಾ?

ಒಂದು ಮಾತು ಹೇಳುತ್ತೇನೆ. ದಾವಣಗೆರೆ ಅಂದ ಕೂಡಲೇ ಎಲ್ಲರೂ ಬೆಣ್ಣೆ ದೋಸೆ ಅಂತಾರೆ. ಆ ದೋಸೆ ಶುರುವಾಗಿದ್ದು ಚೆನ್ನಮ್ಮ ಅನ್ನುವ ಹೆಣ್ಣುಮಗಳಿಂದ ಅಂತ ಹೇಳುತ್ತಾರೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು. ಆಗ ಫೋನಿಲ್ಲ, ಪಿಜಿ ಇಲ್ಲ, ಗುರುತು ಪರಿಚಯ ಇಲ್ಲದ ಊರು. ನಿಮ್ಮ ಮಗಳ ಕೈಯಲ್ಲಿ ಓದು ಇದೆ.

ನೀವು ಮಾಡಬೇಕಾದ್ದು ಇಷ್ಟೇ. ಸೇರುವ ದಿನ ನೀವೂ ಜೊತೆಗೆ ಹೋಗಿ. ಹಾಸ್ಟೆಲ್ ಕಣ್ಣಾರೆ ನೋಡಿ, ರಾತ್ರಿ ಪಾಳಿ ಮುಗಿದ ಮೇಲೆ ಬಿಡೋಕೆ ವಾಹನ ಇದೆಯಾ ಕೇಳಿ. ದುಡಿಯುವ ಹೆಣ್ಣುಮಕ್ಕಳಿಗೆ ಸಖಿ ನಿವಾಸ ಅನ್ನುವ ಸರ್ಕಾರದ ಹಾಸ್ಟೆಲ್‌ಗಳೂ ಇವೆ, ವಿಚಾರಿಸಿ. ನಡುವೆ ಕೆಲಸ ಬಿಡುವ ಹಾಗಿಲ್ಲ ಅಂತ ಬಾಂಡ್ ಬರೆಸಿಕೊಳ್ಳುತ್ತಾರಾ, ಎಷ್ಟು ವರ್ಷ, ಅದನ್ನು ಸಹಿಗೆ ಮುಂಚೆ ಓದಿಸಿ ಕೇಳಿ. ಆಮೇಲೆ ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡಿ. ರಾತ್ರಿ ಪಾಳಿಯವಳು ಬೆಳಗ್ಗೆ ಹತ್ತಕ್ಕೆ ಮಲಗಿರುತ್ತಾಳೆ, ನೀವು ಹೊಲದಿಂದ ಬಂದು ಕೂತು ಫೋನ್ ಹಚ್ಚುವ ಹೊತ್ತೂ ಅದೇ. ಒಂದು ಸಮಯ ಅಂತ ಮಾತಾಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನದು ಉಲ್ಟಾ ಕಥೆ. ನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಆರು ತಿಂಗಳ ಹಿಂದೆ ದಾವಣಗೆರೆಗೆ ವಾಪಸ್ ಬಂದೆ. ಅಪ್ಪಾಜಿಗೆ ಮಂಡಿ ನೋವು, ಚೌಕಿಪೇಟೆಯ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. 29 ವರ್ಷ. ಸಿಕ್ಕವರೆಲ್ಲ "ಯಾವಾಗ ಬಂದೆ, ಯಾವಾಗ ವಾಪಸ್?" ಅಂತಾರೆ. ಕೆಲಸ ಹೋಯಿತಂತೆ ಅಂತ ಹಿಂದೆ ಮಾತಾಡುತ್ತಾರೆ. ಆಧಾರ್, ವೋಟರ್ ಐಡಿ ಇನ್ನೂ ಬೆಂಗಳೂರಿನ ವಿಳಾಸದಲ್ಲೇ ಇವೆ, ಬದಲಿಸೋಕೆ ಕೈ ಬರುತ್ತಿಲ್ಲ. ಮತ್ತೆ ಹೋಗಿಬಿಡಲಾ?
— ದಾವಣಗೆರೆ

ಉತ್ತರ: ನಾನೂ ಹನ್ನೊಂದು ವರ್ಷ ಇದ್ದು ವಾಪಸ್ ಬಂದವಳು. "ಯಾವಾಗ ವಾಪಸ್?" ಅನ್ನೋದು ನಮ್ಮ ಕಡೆ "ಊಟ ಆಯ್ತಾ?" ಅಂದ ಹಾಗೆ ಕಣೋ. ಕೇಳಿದವರು ಉತ್ತರಕ್ಕೆ ಕಾಯಲ್ಲ. ನನ್ನನ್ನು ಎರಡು ವರ್ಷ ಕೇಳಿದರು. ಆಮೇಲೆ ಒಂದು ದಿನ ಅದೇ ಜನ ತಮ್ಮ ಮಗನಿಗೆ ಬೆಂಗಳೂರಲ್ಲಿ ಎಲ್ಲಿ ರೂಮ್ ಮಾಡಿದರೆ ಒಳ್ಳೇದು ಅಂತ ಕೇಳಿಕೊಂಡು ಬಂದರು.

ಕಷ್ಟ ಇರೋದು ಜನರ ಮಾತಿನಲ್ಲಿ ಅಲ್ಲ. ಅಪ್ಪಾಜಿಗೋಸ್ಕರ ಬಂದೆ ಅಂತ ನೀನೇ ನಂಬಿಕೊಂಡಿದ್ದೀಯ. ಅಂಗಡಿ ನಿನಗೆ ಇಷ್ಟ ಇದೆಯಾ ಅನ್ನೋದನ್ನು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಮಂಡಿ ನೋವಿಗೆ ಅಂಗಡಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡರೂ ನಡೆಯುತ್ತಿತ್ತು. ಆದರೂ ನೀನು ಬಂದೆ, ಅಂದರೆ ಬೇರೆ ಏನೋ ಇದೆ. ಬೆಂಗಳೂರು ಸಾಕಾಗಿತ್ತಾ? ಹಾಗಿದ್ದರೆ ಹಾಗೇ ಹೇಳು, ಅದು ನಾಚಿಕೆಯ ವಿಷಯ ಅಲ್ಲ. ನನಗಂತೂ ಸಾಕಾಗಿತ್ತು. ಸಂಜೆ ಆರಕ್ಕೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುವಾಗ, ಇದೇ ಹೊತ್ತಿಗೆ ಅಲ್ಲಿ ಸಿಗ್ನಲ್ಲಿನಲ್ಲಿ ನಿಂತಿರುತ್ತಿದ್ದೆ ಅಂತ ಈಗಲೂ ಒಂದೊಂದು ಸಲ ನೆನಪಾಗಿ ನಗುತ್ತೇನೆ.

ಈ ದೀಪಾವಳಿ ವ್ಯಾಪಾರ ಮುಗಿಯುವ ತನಕ ಇರು. ಅಂಗಡಿಯ ಲೆಕ್ಕವನ್ನು ನಿನ್ನ ರೀತಿಯಲ್ಲಿ ಮಾಡೋಕೆ ಅಪ್ಪಾಜಿ ಬಿಡುತ್ತಾರಾ ನೋಡು. ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದರ ಮೇಲೆ ಬಹಳ ವಿಷಯ ನಿಂತಿದೆ. ಬೆಂಗಳೂರಿನ ಕಂಪನಿಯ ಪಿಎಫ್ ದುಡ್ಡನ್ನು ಈಗಲೇ ತೆಗೆದು ಅಂಗಡಿಗೆ ಹಾಕಬೇಡ. ಪಿಎಫ್‌ನ ಯುಎಎನ್ ನಂಬರ್ ಒಂದೇ ಇರುತ್ತೆ, ಮುಂದೆ ಎಲ್ಲಿ ಸೇರಿದರೂ ಅದೇ ನಡೆಯುತ್ತೆ.

ಇನ್ನು ವೋಟರ್ ಐಡಿ. ಅದಕ್ಕೆ ಮನಸ್ಸು ಗಟ್ಟಿಯಾಗಲಿ ಅಂತ ಕಾಯಬೇಕಾಗಿಲ್ಲಪ್ಪ. ಈಗ ಎಲ್ಲಿ ವಾಸ ಇದ್ದೀಯೋ ಅಲ್ಲಿ ವೋಟು, ನಿಯಮ ಇರೋದೇ ಹಾಗೆ. ವಿಳಾಸ ಬದಲಿಸುವ ಫಾರ್ಮ್ 8 ತುಂಬಿ ದಾವಣಗೆರೆಗೆ ಹಾಕಿಸಿಕೋ. ಮತ್ತೆ ಹೋದರೆ ಮತ್ತೆ ಅದೇ ಫಾರ್ಮ್ 8.